ಮೂರನೇ ಮಾಳಿಗೆಯ ಕಂಬಕ್ಕೆ ಗಂಜಿ

ಕಂಬಕ್ಕೂ ಹಸಿವಾಗ್ತದೆ ಅಂತ ಹೇಳಿದ್ರೆ ನೀವು ನಗ್ತೀರಿ. ನಗಿ. ನಾನು ಮೊದಲ ಸಲ ಕೇಳಿದಾಗ ಹನ್ನೊಂದನೇ ಮಾಳಿಗೆಯ ಹೊರಗೆ ಹಗ್ಗದ ತೊಟ್ಟಿಲಲ್ಲಿ ಕೂತಿದ್ದೆ. ನಕ್ಕ ರಭಸಕ್ಕೆ ತೊಟ್ಟಿಲು ತೂಗಿಕೊಂಡು ಪಕ್ಕದ ಬಿಲ್ಡಿಂಗಿನ ಬಾಲ್ಕನಿವರೆಗೆ ಹೋಯ್ತು. ಅಲ್ಲಿ ಒಣಗಲಿಕ್ಕೆ ಹಾಕಿದ್ದ ಒಂದು ಹಪ್ಪಳ ತೆಗೆದುಕೊಂಡು ವಾಪಸು ಬಂದೆ. ಇದರಲ್ಲಿ ಸುಳ್ಳು ಎಂತದೂ ಇಲ್ಲ, ಹಪ್ಪಳ ಹಲಸಿನದ್ದು.

ನನ್ನ ಹೆಸರು ಕಾಂತಪ್ಪ. ಮಂಗಳೂರಿನಲ್ಲಿ ಕಾಂಕ್ರೀಟು ರಿಪೇರಿ ಮಾಡುವವರ ಪೈಕಿ ಸುತ್ತಿಗೆ ತಟ್ಟುವ ಜನ. ಸಣ್ಣ ಸುತ್ತಿಗೆಯಲ್ಲಿ ಕಂಬ, ಸ್ಲ್ಯಾಬು ಎಲ್ಲ ತಟ್ಟಿ ಶಬ್ದ ಕೇಳುವುದು. ಒಳಗೆ ಗಟ್ಟಿ ಇದ್ರೆ 'ಟಣ್' ಅಂತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಬಿಟ್ಟಿದ್ರೆ 'ಡಬ್'. ಇಪ್ಪತ್ತೊಂಬತ್ತು ವರ್ಷ ಇದೇ ಮಾಡಿದ್ದು. ಹೆಣ್ಣು ನೋಡ್ಲಿಕ್ಕೆ ಹೋದಾಗ ಹುಡುಗಿ ಬರುವ ಮೊದಲು ನಾನು ಅವರ ಗೋಡೆ ತಟ್ಟಿ ನೋಡಿದ್ದೆ. ಗೋಡೆ ಡಬ್ ಅಂದಿತು, ಹುಡುಗಿ ಒಪ್ಪಿದಳು. ಈಗ ಅವಳು ಹೇಳ್ತಾಳೆ, ಆವತ್ತು ತಟ್ಟಬೇಕಿದ್ದದ್ದು ಗೋಡೆಗಲ್ಲ, ನಿಮ್ಮ ತಲೆಗೆ ಅಂತ.

ಅದು ನಮ್ಮ ಊರಿನ ಎತ್ತರದ ಬಿಲ್ಡಿಂಗುಗಳಿಗೆಲ್ಲ ಒಟ್ಟಿಗೆ ವಯಸ್ಸಾದ ಕಾಲ. ಕಬ್ಬಿಣಕ್ಕೆ ಕಾಂಕ್ರೀಟು ಅಂದ್ರೆ ಸುಣ್ಣದ ಹಾಸಿಗೆ. ಆ ಹಾಸಿಗೆ ಕೆಡದಿದ್ರೆ ಅದು ಒಳಗೆ ಸುಖವಾಗಿ ನಿದ್ದೆ ಮಾಡ್ತದೆ. ಕಡಲ ಗಾಳಿಯ ಉಪ್ಪು ಕಣ್ಣಿಗೆ ಕಾಣದ ತೂತುಗಳಲ್ಲಿ ಇಳಿದು ಅದರ ಮೈ ಮುಟ್ಟಿತೋ, ನಿದ್ದೆ ಹಾಳಾಯ್ತು. ಕಬ್ಬಿಣ ತುಕ್ಕಾಗ್ತದೆ, ತುಕ್ಕು ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಒಳಗಿಂದ ಒದ್ದು ಸೀಳ್ತದೆ. ನಾವು ಹೋಗಿ ಬಿಟ್ಟದ್ದನ್ನು ಕೆತ್ತಿ, ಕಬ್ಬಿಣ ಉಜ್ಜಿ, ಹೊಸ ಗಾರೆ ತುಂಬುವುದು. ಎರಡು ಮಳೆಗಾಲ ಕಳೆದ್ರೆ ತೇಪೆ ಗಟ್ಟಿ ಇರ್ತದೆ, ತೇಪೆಯ ಪಕ್ಕದ್ದು ಹರಿದಿರ್ತದೆ. ಹಳೇ ಲುಂಗಿಯ ಹಾಗೆ.

ಹಾಗಿರುವಾಗ ಬಂದವರು ಡಾಕ್ಟರ್ ಝುಲೇಖಾ. ಉಳ್ಳಾಲದವರು, ಔಷಧದ ಡಾಕ್ಟ್ರಲ್ಲ, ಹುಳದ ಡಾಕ್ಟ್ರು. ಹೊಳೆ ಬದಿಯಲ್ಲಿ ಚಿಪ್ಪು ಸುಡುತ್ತಿದ್ದ ಒಂದು ಹಳೇ ಸುಣ್ಣದ ಗೂಡಿನಲ್ಲಿ ಅವರಿಗೆ ಒಂದು ಜಾತಿ ಬ್ಯಾಕ್ಟೀರಿಯಾ ಸಿಕ್ಕಿತು. ನಾವು ಹುಳ ಅಂತಲೇ ಹೇಳುವುದು. ಸುಣ್ಣದಲ್ಲಿ ಬೇರೆ ಯಾವ ಜೀವವಾದ್ರೂ ಸಾಯ್ತದೆ, ಇವಕ್ಕೆ ಅದೇ ಮಾವನ ಮನೆ. ಪಿಷ್ಟ ತಿಂತಾವೆ, ಸುಣ್ಣದ ಕಲ್ಲು ಹೇಲ್ತಾವೆ. ಡಾಕ್ಟ್ರು 'ವಿಸರ್ಜಿಸುತ್ತವೆ' ಅಂತಾರೆ, ಕೆಲಸ ಒಂದೇ. ಆ ಕಲ್ಲು ಬಿರುಕುಗಳನ್ನು ಮುಚ್ತದೆ. ಅದಲ್ಲದೆ ಒಳಗಿನ ಆಮ್ಲಜನಕವನ್ನೂ ಅವೇ ಮುಗಿಸ್ತಾವೆ, ತುಕ್ಕಿಗೆ ಉಸಿರಾಡ್ಲಿಕ್ಕೆ ಬಿಡುವುದಿಲ್ಲ.

ಪ್ರಯೋಗಕ್ಕೆ ಸಿಕ್ಕಿದ್ದು ಬಂದರಿನ ಹಿಂದಿನ 'ಕಡಲ ತಾರೆ'. ಹದಿನಾಲ್ಕು ಮಾಳಿಗೆ, ಐವತ್ತು ವರ್ಷ, ಕೆಡವಬೇಕಾದ ಬಿಲ್ಡಿಂಗುಗಳ ಪಟ್ಟಿಯಲ್ಲಿ ಹೆಸರು. ಮಾಳಿಗೆಗೊಂದೇ ಮನೆ, ಪ್ರತಿ ಮನೆಯೊಳಗೆ ಒಂದು ದೊಡ್ಡ ಕಂಬ. ಆ ಕಂಬಕ್ಕೆ ಎದೆಮಟ್ಟದಲ್ಲಿ ಬೆರಳು ಗಾತ್ರದ ತೂತು ಕೊರೆದು, ಹುಳ ಬಿಟ್ಟು, ಒಂದು ಸಣ್ಣ ಲಾಳಿಕೆ ಕೂರಿಸಿದೆವು. ಮೊದಲು ಅವಕ್ಕೆ ಹೊರದೇಶದ ಪುಡಿ ಹಾಕ್ತಿದ್ದದ್ದು. ಒಂದು ಮಳೆಗಾಲ ಹಡಗು ಬರಲಿಲ್ಲ. ಹುಳಗಳು ಸಾಯುವ ಸ್ಥಿತಿ. ಮೂರನೇ ಮಾಳಿಗೆಯ ಗುಲಾಬಿಯಕ್ಕ ಕೇಳಿದ್ರು, "ಡಾಕ್ಟ್ರೇ, ಗಂಜಿ ತಿಳಿ ಕುಡೀತಾವಾ ಅವು?"

ಕುಡಿದವು. ಕುಚ್ಚಲಕ್ಕಿ ಗಂಜಿಯ ತಿಳಿ, ಆರಿಸಿ, ದಿನಕ್ಕೊಂದು ಲೋಟ. ಆಮೇಲೆ ಪುಡಿ ಬಂದ್ರೂ ಮುಟ್ಟಲಿಲ್ಲ. ಮಂಗಳೂರಿನ ಹುಳ ಅಲ್ವಾ.

ಬೆಳಿಗ್ಗೆ ಎಂಟು ಗಂಟೆಗೆ ಹದಿನಾಲ್ಕು ಮಾಳಿಗೆಯಲ್ಲೂ ಹೆಂಗಸರು, ಗಂಡಸರು ಲೋಟ ಹಿಡಿದು ಕಂಬದ ಎದುರು ನಿಲ್ಲುವುದು ನೋಡಿದ್ರೆ ಯಾವುದೋ ಹೊಸ ಧರ್ಮ ಶುರುವಾಗಿದೆ ಅನ್ನಿಸ್ತಿತ್ತು. ಡಾಕ್ಟ್ರು ಒಂದೇ ನಿಯಮ ಹೇಳಿದ್ದು, ಬಾಗಿಲು ಬಾಗಿಲಿಗೆ ಹೋಗಿ: "ಉಪ್ಪು ಹಾಕಬಾರದು."

*

ಗುಲಾಬಿಯಕ್ಕನ ಗಂಡ ಅಚ್ಯುತ ಮಾಸ್ಟ್ರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವರು. ಹನ್ನೊಂದು ವರ್ಷದ ಹಿಂದೆ ಅವರ ಎರಡೂ ಕಣ್ಣು ಹೋದವು.

ಆದ್ರೆ 'ಕಡಲ ತಾರೆ'ಯೊಳಗೆ ಅವರಿಗೆ ಕೋಲು ಬೇಡ. ಮೆಟ್ಟಲು ಹತ್ತಿ ಹದಿನಾಲ್ಕನೇ ಮಾಳಿಗೆಯ ತಾರಸಿಗೆ ಹೋಗಿ ಗಾಳಿ ಕುಡಿದು ಬರ್ತಾರೆ. ದಾರಿಯಲ್ಲಿ ಎಂಟನೆಯವರ ಮನೆ ಕರೆಗಂಟೆ ಒತ್ತಿ, "ನಿಮ್ಮ ಹಾಲು ಉಕ್ಕುವ ವಾಸನೆ ಬರ್ತಾ ಉಂಟು" ಅಂತ ಹೇಳ್ತಾರೆ. ಲಿಫ್ಟು ಕೆಟ್ಟಾಗ ಕತ್ತಲೆಯಲ್ಲಿ ಕಣ್ಣಿದ್ದವರನ್ನು ಕೈ ಹಿಡಿದು ಇಳಿಸಿದವರು ಅವರೇ.

ಹಿಂದಿನ ವರ್ಷ ಮಗಳ ಮನೆ ಅಂತ ಮೂಡಬಿದ್ರೆಗೆ ಹೋಗಿದ್ರು, ಒಂದು ತಿಂಗಳು ನಿಲ್ಲುವ ಲೆಕ್ಕದಲ್ಲಿ. ಒಳ್ಳೆ ಮನೆ, ಒಳ್ಳೆ ಅಳಿಯ. ಆರನೇ ದಿನ ವಾಪಸು ಬಂದ್ರು. ಗುಲಾಬಿಯಕ್ಕ ನನ್ನ ಹತ್ರ ಮಾತ್ರ ಹೇಳಿದ್ದು. "ಮಂಚ ಬಿಟ್ಟು ಇಳಿಲಿಲ್ಲ ಕಾಂತಣ್ಣ. ಬಚ್ಚಲಿಗೆ ಹೋಗ್ಲಿಕ್ಕೂ ನನ್ನ ಸೆರಗು ಹಿಡಿದ್ರು. ಐದು ದಿನ ಒಂದು ಜೋಕು ಹೇಳ್ಲಿಲ್ಲ. ಇಲ್ಲಿ ಬಂದು ಈ ಕಂಬ ಮುಟ್ಟಿದ ಮೇಲೆ ಬಾಯಿ ಬಿಟ್ಟದ್ದು."

"ಎಂತ ಹೇಳಿದ್ರು?"

"'ಗುಲಾಬಿ, ನಾನು ಅಲ್ಲಿ ಕುರುಡ ಆಗಿಬಿಟ್ಟೆ ಮಾರಾಯ್ತಿ' ಅಂದ್ರು."

ಅಡಿಗೆ ಮನೆಗೂ ಚಾವಡಿಗೂ ನಡುವೆ ನಿಂತಿದ್ದ ಕಂಬ ಅದು. ಅದನ್ನು ಮುಟ್ಟಿದ ಮೇಲೆಯೇ ಅವರು ಎಡ ಬಲ ತಿರುಗುವುದು. ಹಾಗಾಗಿ ಗುಲಾಬಿಯಕ್ಕನಿಗೆ ಆ ಕಂಬ ಗಂಡನ ಅರ್ಧ ಕಣ್ಣಿದ್ದ ಹಾಗೆ.

*

ತಪಾಸಣೆ ಕಮಿಟಿಯ ನೋಟೀಸು ಮೇ ತಿಂಗಳಲ್ಲಿ ಬಂತು. ಹತ್ತು ದಿನದಲ್ಲಿ ಬಂದು ಕಂಬಗಳನ್ನು ಪರೀಕ್ಷೆ ಮಾಡ್ತೇವೆ, ಪಾಸಾಗದಿದ್ರೆ ಮಳೆಗಾಲಕ್ಕೆ ಮೊದಲು ಎಲ್ಲರೂ ಖಾಲಿ ಮಾಡಬೇಕು, ಬಿಲ್ಡಿಂಗು ಕೆಡವುತ್ತೇವೆ ಅಂತ.

ಝುಲೇಖಾ ಡಾಕ್ಟ್ರಿಗೆ ಹೆದರಿಕೆ ಇರಲಿಲ್ಲ. ಜನರೇಟರಿನ ಪಕ್ಕದ ಕೋಣೆಯಲ್ಲಿ ಅವರದ್ದೊಂದು ಪರದೆ. ಪ್ರತಿ ಕಂಬದೊಳಗಿನ ಹುಳಗಳ ಚಟುವಟಿಕೆ ಅದರಲ್ಲಿ ಹಸಿರು ಬಣ್ಣದಲ್ಲಿ ಕಾಣ್ತದೆ. ಹೆಚ್ಚು ಹಸಿರು, ಹೆಚ್ಚು ಆರೋಗ್ಯ.

"ನೋಡಿ ಕಾಂತಣ್ಣ, ಮೂರನೇ ಮಾಳಿಗೆ! ಉಳಿದವುಗಳಿಗಿಂತ ಎರಡು ಪಟ್ಟು. ಕಮಿಟಿಯವರಿಗೆ ಮೊದಲು ಇದನ್ನೇ ತೋರಿಸುವ."

ನಾನು ಮೇಲೆ ಹೋಗಿ ತಟ್ಟಿದೆ. ಕಂಬ ಹೊರಗಿಂದ ಬೆಳ್ಳಗೆ, ನುಣ್ಣಗೆ, ಮದುಮಗಳ ಹಾಗೆ ಉಂಟು. ಒಂದು ಬಿರುಕಿಲ್ಲ. ತಟ್ಟಿದ್ರೆ ಡಬ್.

ಮಾಸ್ಟ್ರು ಕುರ್ಚಿಯಲ್ಲಿ ಕೂತಿದ್ರು. ತಲೆ ಈ ಕಡೆ ತಿರುಗಿಸಿದ್ರು. "ಕಾಂತಪ್ಪ, ಇನ್ನೊಮ್ಮೆ ತಟ್ಟು."

ಡಬ್.

"ನಿನಗೂ ಹಾಗೇ ಕೇಳಿತಾ?" ಅಂತ ಕೇಳಿದ್ರು.

"ಸುತ್ತಿಗೆ ಹಳತು ಮಾಸ್ಟ್ರೇ" ಅಂದೆ.

"ನನ್ನ ಕಿವಿ ಹಳತಲ್ಲ" ಅಂದ್ರು.

ಕಂಬದ ಆಳದಿಂದ ಒಂದು ಚಿಟಿಕೆ ಪುಡಿ ಕೊರೆದು ತೆಗೆದುಕೊಂಡು ಕೆಳಗೆ ಬಂದೆ. ಆ ಪುಡಿ ನೆನೆಸಿದ ನೀರಿಗೆ ಡಾಕ್ಟ್ರು ಬೆಳ್ಳಿಯ ಔಷಧ ಒಂದು ಹನಿ ಬಿಟ್ರು. ಉಪ್ಪಿದ್ರೆ ನೀರು ಬೆಳ್ಳಗಾಗ್ತದೆ, ಇಲ್ಲದಿದ್ರೆ ಇಲ್ಲ. ಇದು ಬೆಳ್ಳಗಾದದ್ದು ಹೇಗೆಂದ್ರೆ ಹಾಲು ಅಂತ ಹಾಕಿ ಚಾ ಮಾಡಬಹುದಿತ್ತು.

"ಸಾಧ್ಯವೇ ಇಲ್ಲ!" ಡಾಕ್ಟ್ರು ಕುರ್ಚಿಯಲ್ಲಿ ಕೂತುಬಿಟ್ರು. "ಹೊರಗಿನ ತೂತು ಎಲ್ಲ ಮುಚ್ಚಿದೆ. ಕಡಲ ಗಾಳಿಗೆ ದಾರಿಯೇ ಇಲ್ಲ. ಉಪ್ಪು ಎಲ್ಲಿಂದ ಬಂತು?"

"ಹುಳಗಳಿಗೆ ಗೊತ್ತಾಗ್ಲಿಲ್ವಾ?"

"ಹುಳಗಳು ಉಪ್ಪುನೀರಿನ ಹೊಳೆ ಬದಿಯವು ಕಾಂತಣ್ಣ. ಅವಕ್ಕೆ ಉಪ್ಪು ಅಂದ್ರೆ ಇಷ್ಟವೇ. ಅದಕ್ಕೇ ಇಷ್ಟು ಹಸಿರು. ಅವು ಕುಣೀತಾ ಇದ್ದಾವೆ, ಕಬ್ಬಿಣ ಸಾಯ್ತಾ ಉಂಟು. ನಾನು ಬರೀ ಕುಣಿತ ನೋಡ್ತಿದ್ದೆ."

*

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ನಾನು ಗುಲಾಬಿಯಕ್ಕನ ಮನೆಗೆ ಹೋದೆ. ನೆವ ಬೇಕಲ್ಲ, ಲಾಳಿಕೆಯ ವಾಷರ್ ನೋಡ್ಲಿಕ್ಕೆ ಅಂದೆ. ಆ ಲಾಳಿಕೆಗೆ ವಾಷರೇ ಇಲ್ಲ.

"ಕೂತ್ಕೊಳ್ಳಿ, ಗಂಜಿ ಉಣ್ಣಿ" ಅಂದ್ರು. ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ನಾನು ಉಣ್ಣುತ್ತಾ ನೋಡ್ತಾ ಇದ್ದೆ. ಅವರು ಒಂದು ಸ್ಟೀಲ್ ಲೋಟಕ್ಕೆ ತಿಳಿ ಬಸಿದ್ರು. ಫ್ಯಾನಿನ ಕೆಳಗಿಟ್ಟು ಆರಿಸಿದ್ರು. ಮರದ ಮರಿಗೆಯಿಂದ ಒಂದು ಚಿಟಿಕೆ ಕಲ್ಲುಪ್ಪು ತೆಗೆದು ಹಾಕಿದ್ರು, ಚಮಚದಲ್ಲಿ ತಿರುಗಿಸಿದ್ರು. ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿ ನೋಡಿದ್ರು. ಸಾಲಲಿಲ್ಲ. ಇನ್ನೊಂದು ನಾಲ್ಕು ಹರಳು.

ನನ್ನ ಬಾಯಿಯ ಹಪ್ಪಳ ಶಬ್ದ ಮಾಡುವುದು ನಿಲ್ಲಿಸಿತು.

"ಗುಲಾಬಿಯಕ್ಕ, ಡಾಕ್ಟ್ರು ಉಪ್ಪು ಬೇಡ ಹೇಳಿದ ಹಾಗೆ ನೆನಪು."

"ಹೇಳಿದ್ದಾರೆ ಹೇಳಿದ್ದಾರೆ." ಅವರು ಕಂಬದ ಹತ್ರ ಹೋಗಿ ಲಾಳಿಕೆಗೆ ಮೆಲ್ಲಗೆ ಹೊಯ್ದ್ರು, ಮಗುವಿಗೆ ಒಳಲೆಯಲ್ಲಿ ಹಾಲು ಹಾಕುವ ಹಾಗೆ, ನಡುನಡುವೆ ನಿಲ್ಲಿಸಿ. "ಅವರು ಓದಿದವರು, ಅಡಿಗೆ ಮಾಡಿದವರಲ್ಲ. ನಮ್ಮ ಇವರಿಗೂ ಆಸ್ಪತ್ರೆಯ ಡಾಕ್ಟ್ರು ಉಪ್ಪು ಬೇಡ ಅಂತಾರೆ, ಬೀಪಿ ಉಂಟು ಅಂತ. ಕಂಬಕ್ಕೆ ಎಂತ ಬೀಪಿ? ನಮ್ಮ ಮನೆಯವರನ್ನೆಲ್ಲ ಹೊತ್ತುಕೊಂಡು ನಿಂತಿದೆ, ಮೇಲಿನ ಹನ್ನೊಂದು ಮಾಳಿಗೆಯವರನ್ನೂ ಹೊತ್ತಿದೆ. ಉಪ್ಪಿಲ್ಲದ ಗಂಜಿ ಕೊಟ್ಟು ದುಡಿಸುವುದಾ? ನಮ್ಮದರಲ್ಲಿ ಅಂಥ ಪದ್ಧತಿ ಇಲ್ಲ."

ಆಮೇಲೆ ಲೋಟ ತೊಳೆದಿಟ್ಟು ನನ್ನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದ್ರು. "ನೋಡಿ, ಬೇರೆ ಯಾರ ಮನೆ ಕಂಬವಾದ್ರೂ ಇಷ್ಟು ಬೆಳ್ಳಗಿದೆಯಾ?"

ನಾನು ಉಂಡೆ. ಇನ್ನೇನು ಮಾಡುವುದು.

*

ಕಂಡದ್ದನ್ನು ಕೆಳಗೆ ಹೋಗಿ ಹೇಳಿದೆ. "ನನ್ನ ಅಜ್ಜಿಯೂ ಯಾರು ಬೇಡ ಅಂದ್ರೂ ಗಂಜಿಗೆ ಉಪ್ಪು ಹಾಕ್ತಿದ್ದರು" ಅಂದ್ರು ಡಾಕ್ಟ್ರು. "ನಾನು 'ಹಾಕಬಾರದು' ಅಂತ ಮಾತ್ರ ಹೇಳಿದೆ ಕಾಂತಣ್ಣ. ಯಾಕೆ ಅಂತ ಹೇಳಲಿಲ್ಲ. ಅಲ್ಲಿ ತಪ್ಪಿದ್ದು."

"ಈಗ?"

"ರಿಪೋರ್ಟಿನಲ್ಲಿ ಉಪ್ಪಿನ ಮೂಲ ಬರೆಯಲೇಬೇಕು. ಬರೆದ್ರೆ ಒಂದು ಕಂಬದ ಕಾಯಿಲೆ, ವಾಸಿ ಮಾಡಬಹುದು. ಬರೆಯದಿದ್ರೆ ಕಡಲ ಉಪ್ಪು ಒಳಗೆ ಹೋಗಿದೆ ಅಂತ ಲೆಕ್ಕ. ಆಗ ಹದಿನಾಲ್ಕು ಮಾಳಿಗೆಯೂ ಅನುಮಾನ. ಇಡೀ ಬಿಲ್ಡಿಂಗು ಹೋಗ್ತದೆ."

"ಮೊದಲು ಅವರಿಗೆ ನಾನು ಹೇಳ್ತೇನೆ, ಮೆತ್ತಗೆ."

ನಾಲ್ಕು ದಿನದಲ್ಲಿ ಮೂರು ಸಲ ಹೇಳ್ಲಿಕ್ಕೆ ಹೋದೆ, ಮೂರು ಸಲ ತಿಂದು ಬಂದೆ. ಒಂದು ಸಲ ನೀರುದೋಸೆ, ಒಂದು ಸಲ ಪತ್ರೊಡೆ. ಮೂರನೇ ಸಲ ಬರೀ ಚಾ ಕುಡಿದು ಹೇಳಿಬಿಡುವ ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಅವರು ಆಗ ತಾನೇ ಕಂಬದ ಬುಡ ಒರೆಸ್ತಾ, "ಪರೀಕ್ಷೆಯಲ್ಲಿ ನಮ್ಮದೇ ಫಸ್ಟು ಬರ್ತದೆ ನೋಡಿ" ಅಂದ್ರು. 'ನಿಮ್ಮ ಗಂಡನ ಕಣ್ಣಿಗೆ ನೀವೇ ಉಪ್ಪು ಹಾಕಿದ್ದು' ಅಂತ ಆ ಮುಖಕ್ಕೆ ಹೇಗೆ ಹೇಳುವುದು? "ಕಂಬಕ್ಕೆ ಹೊಟ್ಟೆ ಭಾರ ಆಗಿದೆ, ಒಂದು ವಾರ ಉಪವಾಸ" ಅಂತ ಹೇಳಿ ಬಂದೆ. ಅಷ್ಟಾದ್ರೂ ನಿಂತಿತು.

*

ಕಮಿಟಿಯ ದೊಡ್ಡ ಇಂಜಿನಿಯರು ಕಲ್ಲನಗೌಡ್ರು ಗದಗದ ಕಡೆಯವರು. ಮೀಸೆ, ಬಿಳಿ ಅಂಗಿ. ನಾವು ಕಂಬಕ್ಕೆ ಗಂಜಿ ಹಾಕುವುದು ಅಂದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ್ರು.

"ಗಂಜಿ? ಜ್ವರ ಬಂದವರಿಗೆ ಕೊಡ್ತಾರಲ್ಲ, ಆ ಗಂಜಿ?"

"ನಮ್ಮಲ್ಲಿ ಜ್ವರ ಇಲ್ಲದವರೂ ಉಣ್ಣುತ್ತಾರೆ ಸಾರ್."

"ಅದಕ್ಕ ಹಿಂಗ ಆಗೇತಿ. ರೊಟ್ಟಿ ಹಾಕಿದ್ರ ಕಂಬ ಗಟ್ಟಿ ಇರ್ತಿತ್ತು."

ನಗಲಿಲ್ಲ. ಪುಣ್ಯಾತ್ಮ ನಗದೆ ಹೇಳಿದ್ದು ನೋಡಿ, ಇವರು ನಮ್ಮ ಜಾತಿಯವರೇ ಅಂತ ನನಗೆ ಗೊತ್ತಾಯ್ತು. ಆದ್ರೆ ಕೆಲಸದಲ್ಲಿ ತಮಾಷೆ ಇಲ್ಲ. ಮೂರನೇ ಮಾಳಿಗೆಯ ಕಂಬಕ್ಕೆ ಮೀಟರ್ ಇಟ್ರು, ಪುಡಿ ತೆಗೆದ್ರು, ಹನಿ ಬಿಟ್ರು. ನೀರು ಹಾಲಾಯ್ತು.

ಕೆಳಗೆ ಪಾರ್ಕಿಂಗಿನಲ್ಲಿ ಎಲ್ಲರನ್ನೂ ಕರೆದು ಕುರ್ಚಿ ಹಾಕಿ ಕೂರಿಸಿದ್ರು. ಮಾಸ್ಟ್ರು ಮತ್ತು ಗುಲಾಬಿಯಕ್ಕ ಎರಡನೇ ಸಾಲು.

"ಮೂರನೇ ಅಂತಸ್ತಿನ ಕಂಬದಾಗ ಉಪ್ಪು ಐತಿ, ಕಬ್ಬಿಣ ತಿಂದೈತಿ" ಅಂದ್ರು ಗೌಡ್ರು. "ಮ್ಯಾಲ ಹನ್ನೊಂದು ಅಂತಸ್ತು ಅದರ ತಲೀ ಮ್ಯಾಲ ಅದಾವ. ಉಪ್ಪು ಎಲ್ಲಿಂದ ಬಂತು ಅನ್ನೋದು ಯಾರಾದ್ರೂ ಹೇಳ್ತೀರೇನು?"

ಡಾಕ್ಟ್ರು ನನ್ನ ಮುಖ ನೋಡಿದ್ರು. ನಾನು ಎದ್ದೆ. ಸುಳ್ಳು ಹೇಳುವುದರಲ್ಲಿ ನನಗೆ ಊರಲ್ಲಿ ಹೆಸರುಂಟು. ಗುಲಾಬಿಯಕ್ಕನ ಹೆಸರು ಬಾರದ ಹಾಗೆ ಆ ದಿನ ಅದನ್ನು ಒಳ್ಳೆ ಕೆಲಸಕ್ಕೆ ಬಳಸುವ ಅಂತ ಹೊರಟೆ.

"ಸಾರ್, ಬಿಲ್ಡಿಂಗು ಕಟ್ಟುವಾಗಲೇ ಆದ ತಪ್ಪು. ಆ ಕಂಬ ಹಾಕುವ ದಿನ ಹೊಳೆಮರಳು ಬರಲಿಲ್ಲ. ಮೇಸ್ತ್ರಿಗಳು ಕಡಲ ಮರಳು ಹಾಕಿದ್ರು. ಆ ಮೇಸ್ತ್ರಿ ನನ್ನ ಹತ್ರ ಅತ್ತುಕೊಂಡು ಹೇಳಿದ್ದಾನೆ."

"ಯಾವಾಗ ಹೇಳಿದ?"

"ಸಾಯುವ ಹಿಂದಿನ ದಿನ."

ಗೌಡ್ರು ಪೆನ್ನು ಕೆಳಗಿಟ್ರು. "ಮರಳು ಒಂದು ಕಂಬಕ್ಕಂತ ಯಾರೂ ತರಿಸೂದಿಲ್ಲ. ಒಂದು ಲೋಡ್ ಬಂದ್ರ ಹತ್ತು ಕಂಬಕ್ಕ ಹೋಗ್ತೈತಿ, ಸ್ಲ್ಯಾಬಿಗೂ ಹೋಗ್ತೈತಿ. ನೀವು ಹೇಳೂದು ಖರೆ ಇದ್ರ ಈ ಬಿಲ್ಡಿಂಗ್ ಪೂರ್ತಿ ಉಪ್ಪಿನ್ಯಾಗ ನಿಂತೈತಿ. ಇನ್ನ ತಪಾಸಣಿ ಯಾಕ ಬೇಕು? ಹದಿನೈದು ದಿನದಾಗ ಖಾಲಿ ಮಾಡ್ರಿ."

ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಯಾವ ಬಿಲ್ಡಿಂಗನ್ನೂ ಬಾಯಲ್ಲಿ ಕೆಡವಿದವನಲ್ಲ. ಜನರೆಲ್ಲ ಒಟ್ಟಿಗೆ ಮಾತಾಡ್ಲಿಕ್ಕೆ ಶುರು ಮಾಡಿದ್ರು. ಮಾಸ್ಟ್ರು ಮಾತ್ರ ಕುರ್ಚಿಯ ಕೈಯನ್ನು ಬಿಗಿ ಹಿಡಿದುಕೊಂಡು ಕೂತಿದ್ರು.

ಗುಲಾಬಿಯಕ್ಕ ಆ ಕೈಯನ್ನು ನೋಡಿದ್ರು. ಆಮೇಲೆ ಎದ್ದು ನಿಂತ್ರು.

"ಉಪ್ಪು ಹಾಕಿದ್ದು ನಾನು."

ಗಲಾಟೆ ಮಾಡ್ತಿದ್ದವರೆಲ್ಲ ತಿರುಗಿ ನೋಡಿದ್ರು.

"ದಿನಾ ಗಂಜಿ ತಿಳಿಗೆ ಹಾಕ್ತಿದ್ದೆ. ಡಾಕ್ಟ್ರು ಬೇಡ ಹೇಳಿದ್ರು, ನಾನು ಕೇಳ್ಲಿಲ್ಲ. ಬೇರೆ ಯಾವ ಕಂಬಕ್ಕೂ ಉಪ್ಪಿಲ್ಲ. ಮೇಸ್ತ್ರಿಯೂ ಇಲ್ಲ, ಮರಳೂ ಇಲ್ಲ, ಈ ಕಾಂತಣ್ಣ ಸುಳ್ಳು ಹೇಳುವುದು. ನನ್ನ ಕಂಬ ಏನಾದ್ರೂ ಮಾಡಿ. ಬಿಲ್ಡಿಂಗು ಬಿಡಿ."

ಗೌಡ್ರು ಪೆನ್ನು ಎತ್ತಿಕೊಂಡ್ರು. ಅವರ ದನಿ ಸ್ವಲ್ಪ ಇಳಿಯಿತು. "ಎಷ್ಟು ಹಾಕ್ತಿದ್ರಿ ತಾಯಿ?"

"ರುಚಿಗೆ ತಕ್ಕಷ್ಟು."

"ಹಂಗ ರಿಪೋರ್ಟಿನ್ಯಾಗ ಬರಿಯಾಕ ಬರೂದಿಲ್ಲ."

"ಮತ್ತೆ ಹೇಗೆ ಹೇಳುವುದು? ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. ಬೇಕಾದ್ರೆ ಹಾಕಿ ತೋರಿಸ್ತೇನೆ."

ಗೌಡ್ರು ಬರೆದುಕೊಂಡ್ರು. ಎಂತ ಬರೆದ್ರೋ ಗೊತ್ತಿಲ್ಲ. ಆಮೇಲೆ ಸ್ವತಃ ಹದಿನಾಲ್ಕು ಮನೆಗೂ ಹತ್ತಿ, ತಾವೇ ಜಾಗ ತೋರಿಸಿ ಪುಡಿ ಕೊರೆಸಿದ್ರು. ಹದಿನಾಲ್ಕು ಗಾಜಿನ ನಳಿಗೆ ಸಾಲಾಗಿ ಬೆಂಚಿನ ಮೇಲೆ. ಒಂದೊಂದೇ ಹನಿ. ತಿಳಿ. ತಿಳಿ. ಮೂರನೆಯದು ಹಾಲು. ಮತ್ತೆ ತಿಳಿ, ಕಡಲ ಊರಿನಲ್ಲಿ ಇರಬೇಕಾದಷ್ಟು ಸಣ್ಣ ಮಬ್ಬು ಮಾತ್ರ. ಏಳನೆಯದಕ್ಕೆ ಹನಿ ಬಿಡುವ ಮೊದಲೇ ಆ ಮಾಳಿಗೆಯ ಸೆವ್ರಿನ್ ಬಾಯಿ ಓಡಿ ಬಂದು, "ಸಾರ್, ನಾನು ಭಾನುವಾರ ಭಾನುವಾರ ಸ್ವಲ್ಪ ಬೆಲ್ಲ ಹಾಕ್ತಿದ್ದೆ" ಅಂತ ಒಪ್ಪಿಕೊಂಡ್ರು. ಬೆಲ್ಲಕ್ಕೆ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ. ಆ ಮನೆಯಲ್ಲಿ ಇರುವೆ ಯಾಕೆ ಅಷ್ಟು ಅಂತ ಆವತ್ತು ಗೊತ್ತಾಯ್ತು, ಅಷ್ಟೇ.

"ನಲವತ್ತು ದಿನ ಕೊಟ್ಟೀನಿ" ಅಂದ್ರು ಗೌಡ್ರು. "ಆ ಕಂಬದ ಸುತ್ತ ಇವತ್ತ ಉಕ್ಕಿನ ಜಾಕ್ ಕೊಟ್ಟು ಭಾರ ಹೊರಸ್ರಿ. ಉಪ್ಪು ಹೊರಗ ತಗೀರಿ. ಮೀಟರ್ ಒಪ್ಪಿದ್ರ ನಾನೂ ಒಪ್ತೀನಿ. ಇಲ್ಲಾಂದ್ರ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಸುಳ್ಳು ಹೇಳೂದು ಬಿಡ್ರಿ. ನಿಮಗ ಬರೂದಿಲ್ಲ" ಅಂದ್ರು.

ನನ್ನ ಜೀವನದಲ್ಲಿ ಅಷ್ಟು ದೊಡ್ಡ ಅವಮಾನ ಬೇರೆ ಆಗಿಲ್ಲ.

*

ಕಂಬದೊಳಗಿನ ಉಪ್ಪನ್ನು ಹೊರಗೆ ಕರೆಯುವ ವಿಧಾನ ಉಂಟು. ಕಂಬಕ್ಕೆ ಒದ್ದೆ ಗೋಣಿ ಸುತ್ತುವುದು, ಗೋಣಿಯ ಮಡಿಕೆಯಲ್ಲಿ ಲೋಹದ ಬಲೆ ಇಡುವುದು. ಬಲೆಗೆ ಕರೆಂಟಿನ ಪ್ಲಸ್, ಒಳಗಿನ ಕಬ್ಬಿಣಕ್ಕೆ ಮೈನಸ್. ಉಪ್ಪಿನಲ್ಲಿ ಕಬ್ಬಿಣ ತಿನ್ನುವ ಅಂಶಕ್ಕೆ ಪ್ಲಸ್ ಅಂದ್ರೆ ಪ್ರಾಣ. ಕಬ್ಬಿಣ ಬಿಟ್ಟು ಮೆಲ್ಲ ಮೆಲ್ಲ ಹೊರಗೆ ನಡೆದು ಬಂದು ಗೋಣಿಯಲ್ಲಿ ಕೂರ್ತದೆ. ಸಣ್ಣ ಕರೆಂಟು, ಮುಟ್ಟಿದ್ರೆ ಕೈಗೆ ಬರೀ ಇರುವೆ ಹರಿದ ಹಾಗೆ. ಆದ್ರೆ ಗೋಣಿ ಒಂದು ಕಡೆಯೂ ಒಣಗಬಾರದು. ಒಣಗಿದಲ್ಲಿ ಉಪ್ಪು ನಡಿಗೆ ನಿಲ್ಲಿಸ್ತದೆ.

ಡಾಕ್ಟ್ರು ತೇವ ಅಳೆಯುವ ಯಂತ್ರ ತಂದ್ರು. ಎರಡೇ ದಿನದಲ್ಲಿ ಅದನ್ನು ಪೆಟ್ಟಿಗೆಗೆ ಹಾಕಿಟ್ರು. ಯಾಕೆಂದ್ರೆ ಮಾಸ್ಟ್ರ ಬೆರಳು ಅದಕ್ಕಿಂತ ಮೊದಲೇ ಹೇಳ್ತಿತ್ತು. ಕುರ್ಚಿ ಕಂಬದ ಹತ್ರ ಎಳೆದುಕೊಂಡು ಗಂಟೆಗೊಮ್ಮೆ ಗೋಣಿಯನ್ನು ಮೇಲಿಂದ ಕೆಳಗೆ ಸವರುವುದು. "ಎಡಬದಿ, ನನ್ನ ಭುಜದ ಎತ್ತರ, ಒಂದು ಅಂಗೈ ಅಗಲ ಒಣಗಿದೆ" ಅಂತಾರೆ. ಹೋಗಿ ನೋಡಿದ್ರೆ ಹೌದು, ಒಂದು ಅಂಗೈ ಅಗಲ.

ಗುಲಾಬಿಯಕ್ಕ ಮಾತ್ರ ಕಂಬದ ಹತ್ರ ಬರುವುದನ್ನೇ ಬಿಟ್ರು. ಅಡಿಗೆ ಮನೆಗೆ ಹೋಗುವಾಗ ಗೋಡೆ ಬದಿಯಿಂದ, ಕಂಬಕ್ಕೆ ಸೆರಗು ತಾಗದ ಹಾಗೆ. ಗಂಜಿ ಇಡುವುದನ್ನೂ ನಿಲ್ಲಿಸಿದ್ರು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಚಪಾತಿ, ರಾತ್ರಿ ಉಳಿದ ಚಪಾತಿ. ಆ ಮನೆಯಲ್ಲಿ ಕುಚ್ಚಲಕ್ಕಿಯ ಡಬ್ಬ ತೆರೆಯುವ ಶಬ್ದವೇ ಇಲ್ಲ. ನನಗೆ ಬೈಯುವುದೂ ಇಲ್ಲ. ಅದು ಇನ್ನೂ ಕಷ್ಟ.

ಹತ್ತೊಂಬತ್ತನೇ ದಿನ ಇರಬೇಕು. ನಾನು ಕಂಬದ ಆ ಬದಿಯಲ್ಲಿ ನೆಲಕ್ಕೆ ಕೂತು ವಯರಿಗೆ ಟೇಪು ಸುತ್ತುತ್ತಿದ್ದೆ. ಈ ಬದಿಯಲ್ಲಿ ಮಾಸ್ಟ್ರು.

"ಗುಲಾಬಿ, ಇಲ್ಲಿ ಒಣಗಿದೆ. ನೀರು ಕೊಡು."

"ಕಾಂತಣ್ಣ ಇದ್ದಾರಲ್ಲ."

"ನಾನು ಕಾಂತಪ್ಪನ ಹತ್ರ ಕೇಳಿದ್ದಾ?"

"ನನ್ನ ಕೈ ಬೇಡ ಅದಕ್ಕೆ" ಅಂದ್ರು ಅಡಿಗೆ ಮನೆಯಿಂದ. "ಒಮ್ಮೆ ಕೈ ಹಾಕಿ ಸಾಕಾಗಿದೆ."

ಮಾಸ್ಟ್ರು ಸ್ವಲ್ಪ ಹೊತ್ತು ಗೋಣಿ ಸವರುತ್ತಾ ಇದ್ರು.

"ಹನ್ನೊಂದು ವರ್ಷದಿಂದ ನನ್ನ ಬಟ್ಟಲಿಗೆ ಉಪ್ಪು ಹಾಕುವುದು ಯಾರು?"

"ನಾನು."

"ಡಾಕ್ಟ್ರು ಬೇಡ ಹೇಳಿದ ಮೇಲೆಯೂ?"

"...ಹೂಂ."

"ನನಗೆ ಎಲ್ಲಿಯಾದ್ರೂ ತುಕ್ಕು ಹಿಡಿದಿದೆಯಾ?"

ಒಳಗೆ ಪಾತ್ರೆಯ ಶಬ್ದ ನಿಂತಿತು. "ನಿಮ್ಮ ಬಾಯಿಗೊಂದು ತುಕ್ಕು ಹಿಡಿಲಿಲ್ಲ" ಅಂದ್ರು. ಅಂದ ಮೇಲೆ ಅಳು ಬಂತು, ಮೂಗು ಎಳೆದುಕೊಂಡ್ರು. "ಆ ಮೂಡಬಿದ್ರೆಯ ಮಂಚದ ಮೇಲೆ ನೀವು ಕೂತದ್ದು ನನ್ನ ಕಣ್ಣೆದುರು ಬರ್ತದೆ. ಇದು ಹೋದ್ರೆ ಮತ್ತೆ ಹಾಗೆಯೇ ಕೂರ್ತೀರಿ. ನಾನೇ ಕೂರಿಸಿದ ಹಾಗೆ ಆಗ್ತದೆ."

"ಹೋದ್ರೆ ಹೋಯ್ತು. ಎಲ್ಲಿ ಹೋದ್ರೂ ನಿನ್ನ ಸೆರಗು ಉಂಟಲ್ಲ. ಈಗ ನೀರು ಕೊಡ್ತೀಯಾ, ಇಲ್ಲ ನಾನು ಇಲ್ಲಿ ಕೂತು ಉಗುಳಬೇಕಾ?"

ಅವರು ಚೊಂಬು ತಂದ್ರು. ನಾನು ಆ ಬದಿಯಲ್ಲೇ ಕೂತಿದ್ದೆ, ಸುತ್ತಿದ ಟೇಪು ವಯರು ಬಿಟ್ಟು ನನ್ನ ಹೆಬ್ಬೆರಳಿಗೆ ಆರು ಸುತ್ತು ಬಂದಿತ್ತು. ಆ ದಿನದ ನಂತರ ನೀರು ಗುಲಾಬಿಯಕ್ಕನೇ ಕೊಡ್ಲಿಕ್ಕೆ ಶುರು ಮಾಡಿದ್ರು. ಗಂಜಿ ಮಾತ್ರ ಇಡಲಿಲ್ಲ.

*

ನಲವತ್ತನೇ ದಿನ ಕಲ್ಲನಗೌಡ್ರು ಒಬ್ರೇ ಬಂದ್ರು. ಹೊರಗೆ ಮಳೆ ಹಿಡಿದಿತ್ತು. ಮೀಟರಿನ ಸ್ಪಂಜನ್ನು ಕಂಬಕ್ಕೆ ಒತ್ತಿ ಮುಳ್ಳು ನೋಡಿದ್ರು. ಇನ್ನೊಂದು ಕಡೆ ಒತ್ತಿದ್ರು. ಒಂಬತ್ತು ಕಡೆ ಒತ್ತಿದ್ರು. ಮಾಸ್ಟ್ರು ಬಾಗಿಲ ಹತ್ರ ನಿಂತಿದ್ರು, ಪ್ರತಿ ಸಲವೂ ಅವರ ತುಟಿ ಅಲುಗ್ತಿತ್ತು.

"ಕಬ್ಬಿಣ ಮತ್ತ ಮಲಗೇತಿ" ಅಂದ್ರು ಗೌಡ್ರು ಕೊನೆಗೆ. "ಆದ್ರ ಸೊರಗೇತಿ. ಸುತ್ತ ಹೊಸ ಕಬ್ಬಿಣ ಕಟ್ಟಿ, ಆರಾರು ಇಂಚು ಕಾಂಕ್ರೀಟ್ ಹಾಕಿ ದಪ್ಪ ಮಾಡ್ರಿ. ಆಮ್ಯಾಲ ಜಾಕ್ ತಗೀರಿ. ಬಿಲ್ಡಿಂಗ್ ಇರ್ಲಿ."

ಗುಲಾಬಿಯಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ್ರು. ಗೌಡ್ರು ಮೀಟರ್ ಚೀಲಕ್ಕೆ ಹಾಕ್ತಾ, "ತಾಯಿ, ಹೊಸಾ ಕಾಂಕ್ರೀಟಿಗೆ ಒಂದು ತಿಂಗಳು ಬರೀ ನೀರು. ಊಟ ಇಲ್ಲ" ಅಂದ್ರು, ಅದೇ ನಗದ ಮುಖದಲ್ಲಿ.

ದಪ್ಪ ಮಾಡಿದೆವು. ಒಂದು ತಿಂಗಳು ನೀರು ಕುಡಿಸಿದೆವು. ಆಟಿ ತಿಂಗಳ, ಅಂದ್ರೆ ನಮ್ಮ ಕಡೆಯ ಆಷಾಢದ, ಒಂದು ಬೆಳಿಗ್ಗೆ ಜಾಕುಗಳನ್ನು ಒಂದೊಂದೇ ಬಿಚ್ಚಿದೆ. ಝುಲೇಖಾ ಡಾಕ್ಟ್ರು ಕೆಳಗೆ ಪರದೆಯ ಎದುರು ಫೋನು ಹಿಡಿದು ಕೂತಿದ್ರು. ಕೊನೆಯ ಜಾಕು ಬಿಚ್ಚಿದಾಗ ಹನ್ನೊಂದು ಮಾಳಿಗೆಯ ಭಾರ ಕಂಬದ ಮೇಲೆ ಬಂದು ಕೂತಿತು. ಒಂದು ಸೊಲ್ಲಿಲ್ಲ. "ಎಲ್ಲ ಸರಿ ಉಂಟು ಕಾಂತಣ್ಣ" ಅಂದ್ರು ಡಾಕ್ಟ್ರು ಫೋನಿನಲ್ಲಿ.

ಮಾಸ್ಟ್ರು ಕುರ್ಚಿಯಿಂದ ಎದ್ದು ತಮ್ಮ ಯಾವತ್ತಿನ ನಡಿಗೆಯಲ್ಲಿ ಅಡಿಗೆ ಮನೆ ಕಡೆ ಹೊರಟ್ರು. ನಾನು ಬಾಯಿ ತೆರೆಯುವ ಮೊದಲೇ ಭುಜ ಕಂಬಕ್ಕೆ ಬಡಿಯಿತು. ಅರ್ಧ ಅಡಿ ಮುಂದೆ ಬಂದಿತ್ತಲ್ಲ ಅದು.

"ಅಯ್ಯೋ ದೇವರೇ!" ಗುಲಾಬಿಯಕ್ಕ ಒಳಗಿಂದ ಓಡಿ ಬಂದ್ರು. "ಪೆಟ್ಟಾಯ್ತಾ?"

ಮಾಸ್ಟ್ರು ಭುಜ ಉಜ್ಜಿಕೊಂಡು ಕಂಬವನ್ನು ಮುಟ್ಟಿ ನೋಡಿದ್ರು. ಹೊಸ ಅಂಚು, ಹೊಸ ಮೂಲೆ. ಬಲಗೈ ಒಂದು ಬದಿಯಿಂದ, ಎಡಗೈ ಇನ್ನೊಂದು ಬದಿಯಿಂದ ಸುತ್ತ ಹಾಕಿ, ಕೆನ್ನೆ ಒತ್ತಿ ನಿಂತ್ರು. ಎರಡು ಕೈ ಹಿಂದೆ ಎಲ್ಲಿಯೂ ಒಂದನ್ನೊಂದು ಮುಟ್ಟುವುದಿಲ್ಲ.

"ತುಂಬ ದಪ್ಪ ಆಗಿದೆ ಗುಲಾಬಿ. ನನ್ನೊಬ್ಬನ ಕೈ ಸಾಲುವುದಿಲ್ಲ. ನೀನು ಆ ಬದಿಯಿಂದ ಬಾ."

"ಕಾಂತಣ್ಣ ಇದ್ದಾರೆ" ಅಂದ್ರು ಗುಲಾಬಿಯಕ್ಕ, ನಾಚಿಕೆಯಲ್ಲಿ.

"ಅವನು ನೋಡಿದ್ದನ್ನು ಊರಲ್ಲಿ ಹೇಳಿದ್ರೂ ಯಾರೂ ನಂಬುವುದಿಲ್ಲ. ಬಾ."

ಅವರು ಆ ಬದಿಗೆ ಹೋದ್ರು. ಒಂದು ಗಳಿಗೆ ನಿಂತ್ರು. ಆಮೇಲೆ ಕೈ ಚಾಚಿ ಕಂಬವನ್ನು ತಬ್ಬಿದ್ರು. ನಾನು ಕಿಟಕಿ ಕಡೆ ತಿರುಗಿ ಮಳೆ ನೋಡಿದೆ. ಅಲ್ಲಿ ನೋಡುವಂಥದ್ದು ಎಂತದೂ ಇರಲಿಲ್ಲ.

"ಸಿಕ್ತಾ?" ಗುಲಾಬಿಯಕ್ಕನ ದನಿ.

"ಸಿಕ್ತು. ಕೈ ಯಾಕೆ ಇಷ್ಟು ತಣ್ಣಗೆ ಉಂಟು ನಿಂದು?"

"ಗಂಜಿಗೆ ಅಕ್ಕಿ ತೊಳೀತಾ ಇದ್ದೆ."